ತಿರುಗುವ ಪ್ಲೇಟಿಗೊಂದು ಕೊಂಡಿ

ಮೂರೂಕಾಲು ನಿಮಿಷದ ಹಾಡನ್ನು ಗ್ರಾಮೋಫೋನ್ ಪ್ಲೇಟಿನಿಂದ ಕಂಪ್ಯೂಟರಿಗೆ ಇಳಿಸಲು ಮೂರೂಕಾಲು ನಿಮಿಷವೇ ಬೇಕು. ಮೋಡಕಾ ಅಂಗಡಿಯಲ್ಲಿ ಸಿಕ್ಕ ಕಂಪ್ಯೂಟರಾದರೂ ಅಷ್ಟೇ, ಎರಡು ಲಕ್ಷದ್ದಾದರೂ ಅಷ್ಟೇ. ಮೂರು ತಾಸಿನ ಸಿನಿಮಾ ಒಂದು ಫೋನಿನಿಂದ ಇನ್ನೊಂದಕ್ಕೆ ಚಹಾ ಆರುವುದರೊಳಗೆ ದಾಟುವ ಕಾಲ ಇದು. ಹಾಡಿದವರು ಎಷ್ಟು ಹೊತ್ತು ಹಾಡಿದ್ದರೋ ಅಷ್ಟೂ ಹೊತ್ತು ಎದುರಿಗೆ ಕೂಡಲೇಬೇಕಾದ ನಕಲು ಕೆಲಸ ಎಂದರೆ ಈ ಪ್ಲೇಟಿನದು, ಇದರ ತಮ್ಮನಾದ ಕ್ಯಾಸೆಟ್ಟಿನದು. ಕೂಡದೆ ಎದ್ದುಹೋದರೆ ಮುಳ್ಳು ಒಳಗಿನ ಕೊನೆಯ ಸುತ್ತಿಗೆ ಹೋಗಿ ಖರ್ ಖರ್ ಎನ್ನುತ್ತಿರುತ್ತದೆ. ಕಂಪ್ಯೂಟರು ಅದನ್ನೂ ಹಾಡೆಂದೇ ತಿಳಿದು ಭಕ್ತಿಯಿಂದ ಬರೆದುಕೊಳ್ಳುತ್ತದೆ.

ನಮ್ಮ ಇಳಕಲ್ಲಿನಲ್ಲಿ ನಿವೃತ್ತರಾದ ಗಂಡಸರಿಗೆ ಊರು ತಾನೇ ಉದ್ಯೋಗ ಹಂಚಿಬಿಡುತ್ತದೆ. ಒಬ್ಬರು ಮದುವೆ ಮನೆಯಲ್ಲಿ ಆಯೇರಿ ಬರೆದುಕೊಳ್ಳಲು ಕೂಡುತ್ತಾರೆ, ಇನ್ನೊಬ್ಬರು ಪೇಪರು ಓದಿ ಸರಕಾರ ಬೀಳಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಹಳೆಯ ಪ್ಲೇಟು ಹಚ್ಚುವುದು. ಇದಕ್ಕೆ ನನ್ನ ಹೆಂಡತಿಯ ಅಭಿಪ್ರಾಯವೇ ಬೇರೆ. ಇಳಕಲ್ಲಿನ ಮಹಾಂತ ಅಪ್ಪಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ಚಟಗಳನ್ನು ಭಿಕ್ಷೆ ಬೇಡಿದವರು. ಕುಡಿಯುವವರು ಕುಡಿತ ಹಾಕಿದರು, ಬೀಡಿ ಸೇದುವವರು ಬೀಡಿ ಹಾಕಿದರು. ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. “ಅಪ್ಪಾರು ಇದ್ದಿದ್ರ ನಿಮ್ಮ ಈ ಪ್ಲೇಟಿನ ಚಟಾನೂ ಜೋಳಿಗ್ಯಾಗ ಹಾಕಸ್ತಿದ್ದೆ ನೋಡ್ರಿ” ಎಂದು ಈಕೆ ಈಗಲೂ ನಿಟ್ಟುಸಿರು ಬಿಡುತ್ತಾಳೆ. ಜೋಳಿಗೆ ಹರಿದೀತು ಎಂಬ ಭಯ ನನ್ನದು. ಹಳೆಯ ಅರಗಿನ ಪ್ಲೇಟು ಭಾರ ಭಾಳ.

ಪ್ಲೇಟು ಎಂದೆ. ಪುಸ್ತಕದಲ್ಲಿ ಧ್ವನಿಮುದ್ರಿಕೆ ಎಂದಿದೆ, ಬೆಂಗಳೂರಿನ ಹುಡುಗರು ವಿನೈಲ್ ಎನ್ನುತ್ತಾರೆ. ನಮ್ಮ ಕಡೆ ಅದು ಪ್ಲೇಟೇ. ಇವು ನನ್ನಲ್ಲಿಗೆ ಬಂದ ದಾರಿ ಹೇಳುವುದಾದರೆ ಆಲಮಟ್ಟಿಯಿಂದ ಸುರುಮಾಡಬೇಕು. ಕೃಷ್ಣೆಯ ಹಿನ್ನೀರು ಏರಿದಂತೆ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಖಾಲಿಯಾದವು, ಜನ ನವನಗರಕ್ಕೆ ಗಂಟು ಕಟ್ಟಿದರು. ತಲೆಮಾರುಗಳಿಂದ ತೆರೆಯದ ನಾಗೊಂದಿಗಳನ್ನು ಆಗ ತೆರೆಯಬೇಕಾಯಿತು. ಹಿತ್ತಾಳೆ ಹಂಡೆ, ಕಡಗೋಲು, ಕಟ್ಟು ಹಾಕಿಸಿದ ಅಜ್ಜನ ಫೋಟೊ ಇವೆಲ್ಲ ಹೊಸ ಮನೆಗೆ ಹೋದವು. ತಗಡಿನ ಟ್ರಂಕಿನೊಳಗಿನ ಕರಿ ಪ್ಲೇಟುಗಳ ಮುಂದೆ ಮಾತ್ರ ಎಲ್ಲರೂ ನಿಂತು ಯೋಚಿಸಿದರು. ಹಚ್ಚಲು ಪೆಟ್ಟಿಗೆ ಇಲ್ಲ, ಒಗೆಯಲು ಮನಸ್ಸಿಲ್ಲ. ಇಂಥ ಸಂದರ್ಭದಲ್ಲಿ ಪ್ರತಿ ಮನೆತನಕ್ಕೂ ನೆನಪಾಗುವ ಒಬ್ಬ ದೂರದ ಸಂಬಂಧಿಕ ಇರುತ್ತಾನಲ್ಲ, ಅವನು ನಾನು. “ಕಾಕಾ, ನಿಮಗ ಇಂಥಾವು ಸೇರ್ತಾವಲ್ಲ” ಎಂದು ಇಳಿಸಿಹೋದರು. ಹುನಗುಂದದವರು ಚೀಲದಲ್ಲಿ ತಂದರು, ಗುಳೇದಗುಡ್ಡದವರು ಹರಿದ ಖಣದ ಬಟ್ಟೆಯಲ್ಲಿ ಸುತ್ತಿ ತಂದರು. ತಂದವರೆಲ್ಲ ನಾಯಿ ಚಿತ್ರ ಇರುವ ಲೇಬಲ್ಲಿನ ಮೇಲೆ ಒಮ್ಮೆ ಕೈಯಾಡಿಸಿ, ನಮ್ಮಜ್ಜ ಇದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ ಎಂದು ಹೇಳಿಯೇ ಹೋದರು. ಮೊಮ್ಮಗ ಅದನ್ನು ಹಿಟ್ಟಿನ ಗಿರಣಿಗೆ ಹೋಗುವ ಚೀಲದಲ್ಲಿ ತಂದದ್ದು ಅಜ್ಜನಿಗೆ ಗೊತ್ತಾಗಲಿಲ್ಲ, ಪುಣ್ಯ.

ಹಳೆಯ 78ರ, ಎಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಪ್ಲೇಟು ಯಾವುದರಿಂದ ಆದದ್ದು ಎಂದು ತಿಳಿದ ಮೇಲೆ ನನಗೆ ಅದರ ಮೇಲಿನ ಮಮತೆ ಹೆಚ್ಚಿತು. ಹಿಡಿದಿಡುವ ಅಂಟು ಅರಗು. ಅದರೊಳಗೆ ಕಲ್ಲಿನ ಹಿಟ್ಟು, ಹತ್ತಿಯ ಎಳೆ, ಬಣ್ಣಕ್ಕೆ ಕಾಡಿಗೆ. ಕೆಂಪು ಗ್ರಾನೈಟಿಗೂ ನೂಲಿನ ಸೀರೆಗೂ ಹೆಸರಾದ ಊರಿನವನಿಗೆ ಇದು ಬೀಗರ ಮನೆಯ ಸುದ್ದಿ ಕೇಳಿದಂತಾಯಿತು. ಕಲ್ಲಿನ ಹಿಟ್ಟು ಯಾಕೆ ಎಂದರೆ, ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತಿನಲ್ಲೇ ಸವೆದು ಪ್ಲೇಟಿನ ಗೀರಿನ ಆಕಾರಕ್ಕೆ ಹೊಂದಿಕೊಳ್ಳಲಿ ಎಂದು. ಅದಕ್ಕೇ ಕೀಲಿ ಕೊಡುವ ಗ್ರಾಮೋಫೋನಿಗೆ ಒಂದೊಂದು ಮಗ್ಗುಲಿಗೂ ಮುಳ್ಳು ಬದಲಿಸಬೇಕಿತ್ತು. ಅರಗು ಬರುವುದು ಮುತ್ತುಗ, ಬೋರೆಯಂಥ ಗಿಡಗಳ ಟೊಂಗೆಗೆ ಅಂಟಿಕೊಂಡ ಸಣ್ಣ ಹುಳದಿಂದ. ಲೋಕಕ್ಕೆ ಬೇಕಾದ ಅರಗಿನ ಬಹುಪಾಲು ಹಿಂದೂಸ್ತಾನದಿಂದಲೇ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅರಗಿಗೆ ಬರ ಬಂದಾಗ ಅಮೆರಿಕದವರು ಮನೆಮನೆಯಿಂದ ಹಳೆಯ ಪ್ಲೇಟು ಕೂಡಿಸಿ, ಕರಗಿಸಿ ಹೊಸ ಪ್ಲೇಟು ಮಾಡಿದರು. ನ್ಯೂಯಾರ್ಕಿನಲ್ಲಿ ಯಾರೋ ಕುಣಿದ ಹಾಡಿನ ಅಡಿಯಲ್ಲಿ ನಮ್ಮ ದೇಶದ ಹುಳದ ಶ್ರಮ ಇತ್ತು. ದುರ್ಯೋಧನ ಅರಗಿನಲ್ಲಿ ಮನೆ ಕಟ್ಟಿಸಿ ಸುಡಲು ಹೋದ. ಹಾಡು ಒತ್ತಿಸಿದ್ದರೆ ಪಾಂಡವರೂ ಕೂತು ಕೇಳುತ್ತಿದ್ದರು.

ಅರಗು ಎಂಬುದು ನೆನಪಿರಬೇಕಾದ ಇನ್ನೊಂದು ಕಾರಣವಿದೆ. ಪ್ಲೇಟು ಒರೆಸುವ ವಿಷಯದಲ್ಲಿ ನಮ್ಮ ಓಣಿಯಲ್ಲಿ ವೈದ್ಯರಿಗೆ ಕೊರತೆಯಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಫಳಫಳ ಅಂತಾವ ಎಂದರು ಒಬ್ಬರು. ಹುಣಸೆ ಹುಳಿ ಹಾಕಿ ತಿಕ್ಕಿ ಎಂದರು ಹಿತ್ತಾಳೆ ಪಾತ್ರೆಯ ಅನುಭವದವರು. ಸ್ಪಿರಿಟ್ಟಿನಲ್ಲಿ ಅರಿವೆ ಅದ್ದಿ ಒರೆಸಿ ಎಂದವರು ಕಂಪೌಂಡರಾಗಿದ್ದವರು. ಎಣ್ಣೆ ಧೂಳು ಹಿಡಿಯುತ್ತದೆ, ಅಷ್ಟೇ. ಸ್ಪಿರಿಟ್ಟು ಅರಗನ್ನು ಕರಗಿಸುತ್ತದೆ. ಬಡಿಗರು ಕಟ್ಟಿಗೆಗೆ ಪಾಲಿಶ್ ಮಾಡುವುದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ. ಆ ಸಲಹೆ ಕೇಳಿದ್ದರೆ ಪ್ಲೇಟಿನ ಹಾಡು ಅರಿವೆಗೆ ಬಂದು, ಅರಿವೆಯನ್ನು ತಿರುಗಿಸಿ ಕೇಳಬೇಕಾಗುತ್ತಿತ್ತು. ಬ್ಯಾಟರಿಗೆ ಹಾಕುವ ಶುದ್ಧ ನೀರು, ಎರಡು ಹನಿ ಸೌಮ್ಯವಾದ ಸೋಪು, ಮೆತ್ತನೆಯ ಬಟ್ಟೆ, ಗೀರಿನ ಗುಂಟ ಸುತ್ತಾಗಿ ಒರೆಸುವ ಕೈ, ಲೇಬಲ್ಲಿಗೆ ನೀರು ತಾಗದಂತೆ ಎಚ್ಚರ. ಇಷ್ಟೇ ಸಾಕು. 1948ರ ಮೇಲೆ ಬಂದ ದೊಡ್ಡ ಎಲ್‌ಪಿಗಳು ವಿನೈಲಿನವು, ಅವು ಸ್ವಲ್ಪ ಗಟ್ಟಿ ಜೀವ. ಕೈಜಾರಿ ಬಿದ್ದರೆ ಬದುಕುತ್ತವೆ. ಅರಗಿನದು ಬಿದ್ದರೆ ಹಪ್ಪಳ. ನಮ್ಮ ದೇಶದಲ್ಲಿ ಈ ಹಪ್ಪಳಗಳು 1970ರ ಆಸುಪಾಸಿನವರೆಗೂ ತಯಾರಾಗುತ್ತಿದ್ದವು.

ಇನ್ನು ವಾಯರಿನ ಪುರಾಣ. ಪ್ಲೇಯರಿನ ಹಿಂದೆ ಕೆಂಪು-ಬಿಳಿ ಪಿನ್ನಿನ ವಾಯರು ಇದೆ, ಲ್ಯಾಪ್‌ಟಾಪಿನ ಮಗ್ಗುಲಲ್ಲಿ ತೂತು ಇದೆ, ಎರಡನ್ನೂ ಕೂಡಿಸಿದರೆ ಆಯಿತು ಎಂದು ಯಾರಿಗಾದರೂ ಅನಿಸುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ತಂಗಿಯ ಮಗ ವಿಡಿಯೋ ಕಾಲಿನಲ್ಲಿ ತಲೆ ಅಲ್ಲಾಡಿಸಿದ. “ಮಾಮಾ, ಆ ತೂತು ಮೈಕಿಂದು. ಅದರಾಗ ಹಾಕಬ್ಯಾಡ್ರಿ.” ಮುಳ್ಳಿನ ಹಿಂದಿರುವ ಆಯಸ್ಕಾಂತ ಅಲುಗಾಡಿ ಹುಟ್ಟಿಸುವ ವಿದ್ಯುತ್ತು ನಾಲ್ಕೈದು ಮಿಲಿವೋಲ್ಟ್ ಮಾತ್ರ. ಅದನ್ನು ಸುಮಾರು ನೂರು ಪಟ್ಟು ಹಿಗ್ಗಿಸಿದರೆ ಯಂತ್ರಗಳಿಗೆ ಕೇಳಿಸುತ್ತದೆ. ಅದಕ್ಕೆ ಫೋನೋ ಪ್ರಿ-ಆಂಪ್ ಎಂಬ ಸಣ್ಣ ಡಬ್ಬಿ ನಡುವೆ ಬೇಕು. ಆ ಡಬ್ಬಿಯಿಂದ ಯುಎಸ್‌ಬಿಗೆ ತಿರುಗಿಸುವ ಇನ್ನೊಂದು ಡಬ್ಬಿ, ಆಮೇಲೆ ಕಂಪ್ಯೂಟರು. ಹಳೆಯ ಫಿಯೆಸ್ಟಾದಂಥ ಕೈಪೆಟ್ಟಿಗೆಗಳ ಸಿರಾಮಿಕ್ ಮುಳ್ಳಿಗೆ ಈ ಸೇವೆ ಬೇಕಿಲ್ಲ, ಅದರ ಗಂಟಲು ಹುಟ್ಟಿನಿಂದಲೇ ದೊಡ್ಡದು. ಹೊಸ ಪ್ಲೇಯರುಗಳು ನಾಜೂಕಿನ ಮನೆಯವು, ಮೆಲ್ಲಗೆ ಮಾತಾಡುತ್ತವೆ.

ಆ ಡಬ್ಬಿ ಹಿಗ್ಗಿಸುವುದಷ್ಟೇ ಅಲ್ಲದೆ ಇನ್ನೊಂದು ಲೆಕ್ಕವನ್ನೂ ತೀರಿಸುತ್ತದೆ. ತಬಲಾದ ಬಾಯಾದಂಥ ಕೆಳದನಿ ಇದ್ದ ಹಾಗೇ ಪ್ಲೇಟಿನ ಮೇಲೆ ಕೊರೆದರೆ ಗೀರು ಅಷ್ಟಗಲ ಓಲಾಡಿ ಪಕ್ಕದ ಗೀರಿನ ಹೊಲಕ್ಕೆ ನುಗ್ಗುತ್ತದೆ. ಅದಕ್ಕೆ ಕೊರೆಯುವಾಗ ಕೆಳದನಿಯನ್ನು ತಗ್ಗಿಸುತ್ತಾರೆ, ಮೇಲ್ದನಿಯನ್ನು ಏರಿಸುತ್ತಾರೆ. ಹಚ್ಚುವಾಗ ಇದರ ಉಲ್ಟಾ ಮಾಡಬೇಕು. ಏರಿಸಿದ್ದನ್ನು ತಗ್ಗಿಸುವಾಗ ಧೂಳಿನ ಸರಸರ ಸಪ್ಪಳವೂ ಜೊತೆಗೇ ತಗ್ಗುತ್ತದೆ. ಇಷ್ಟಿಷ್ಟೇ ಏರಿಳಿತ ಎಂದು ಆರ್‌ಐಎಎ ಎಂಬ ಅಮೆರಿಕದ ಸಂಘ 1954ರಲ್ಲಿ ಗೊತ್ತುಮಾಡಿತು. ಅದಕ್ಕೂ ಮೊದಲು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ, ಹಳ್ಳಿ ಹಳ್ಳಿಗೆ ಬೇರೆ ಅಳತೆಯ ಸೇರು ಇದ್ದಂತೆ. ಆದ್ದರಿಂದ ಹಳೆಯ 78ಕ್ಕೆ ಡಬ್ಬಿಯ ಲೆಕ್ಕ ಪೂರಾ ಹೊಂದುವುದಿಲ್ಲ. ಕಿವಿಯನ್ನೇ ಸಾಕ್ಷಿ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಸರಿಪಡಿಸಬೇಕು.

ಈ ಜೋಡಣೆಯ ಗುಟ್ಟು ನನಗೆ ತಿಳಿದದ್ದು ನಮ್ಮ ಹಿಂದಿನ ಮನೆಯ ನೇಕಾರಣ್ಣನಿಂದ. ಇಳಕಲ್ ಸೀರೆಯ ಮೈ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ನೂಲಿನದಿರಬಹುದು, ಸೆರಗು ರೇಷ್ಮೆಯದು. ಎರಡು ಜಾತಿಯ ಎಳೆಗಳನ್ನು ಮಗ್ಗದ ಮೇಲೆ ಒಂದೊಂದಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ನಾನು ಡಬ್ಬಿಗಳ ನಡುವೆ ಬೆವರುತ್ತಿದ್ದುದನ್ನು ಕಂಡು ಆತ, “ಸಾಹೇಬ್ರ, ಎಳಿ ಎಳಿ ತಾಳ ಆಗ್ಬೇಕು. ನೂಲಿನ ಬಿಗಿ ನೂಲಿಗೆ, ರೇಷ್ಮಿ ಬಿಗಿ ರೇಷ್ಮಿಗೆ. ಹಂಗ ಜಗ್ಗಿ ಗಂಟ ಹಾಕಿದ್ರ ನಡುವ ಹರಿತೈತಿ” ಎಂದ. ಪ್ರಿ-ಆಂಪಿನ ಕೈಪಿಡಿಯಲ್ಲಿ ಏಳು ಭಾಷೆಗಳಲ್ಲಿ ಬರೆದದ್ದು ಇದನ್ನೇ.

ಕೊಂಡಿ ಕೂಡಿತು, ಹಾಡೂ ಬಂತು, ಹಿಂದೆ ಒಂದು ಗುಂಯ್‌ಗುಡುವಿಕೆಯೂ ಬಂತು. ಎಲ್ಲ ಹಾಡಿಗೂ ಒಂದೇ ಶ್ರುತಿ ಹಿಡಿದು ಕೂತ ಆ ತಂಬೂರಿ ನಮ್ಮ ಕರೆಂಟಿನದು. ಸೆಕೆಂಡಿಗೆ 50 ಸಲ ತಿರುಗಿ ಬರುವ ವಿದ್ಯುತ್ತು ವಾಯರಿನೊಳಗೆ ನುಸುಳಿ ತಾನೂ ಹಾಡುತ್ತದೆ. ಪ್ಲೇಯರಿನಿಂದ ಬರುವ ಒಂದು ಸಣ್ಣ ಒಂಟಿ ವಾಯರನ್ನು ಪ್ರಿ-ಆಂಪಿನ ತಿರುಪಿಗೆ ಕಟ್ಟಿದರೆ ಅರ್ಧ ಸುಮ್ಮನಾಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರು ಕಿತ್ತು ಬ್ಯಾಟರಿಯ ಮೇಲೆ ಬಿಟ್ಟರೆ ಉಳಿದರ್ಧವೂ ಸುಮ್ಮನಾಗುವುದುಂಟು. ಹಾಗಿದ್ದರೆ ಕರೆಂಟು ಹೋದಾಗಲೇ ರೆಕಾರ್ಡಿಂಗ್ ಮಾಡಿದರೆ ಶುದ್ಧವಾಗಿ ಬರಬೇಕಲ್ಲ ಎಂದು ನನ್ನ ಹೆಂಡತಿ ಕೇಳಿದ್ದು ತರ್ಕಬದ್ಧವಾಗಿಯೇ ಇತ್ತು. ಬೇಸಿಗೆಯ ಮಧ್ಯಾಹ್ನ ಆ ಪ್ರಯೋಗವೂ ತಾನಾಗಿ ನಡೆಯಿತು. ಕಂಪ್ಯೂಟರು ಬ್ಯಾಟರಿಯ ಮೇಲೆ ನಿಷ್ಠೆಯಿಂದ ಬರೆದುಕೊಳ್ಳುತ್ತಿತ್ತು. ಪ್ಲೇಯರು ಮಾತ್ರ ಮೆಲ್ಲಮೆಲ್ಲಗೆ ತಿರುಗಿ, ತಾರಸಪ್ತಕದಲ್ಲಿದ್ದ ಬಾಯಿಯವರು ಗಂಡಸಾಗಿ, ಗಂಡಸು ಕೋಣವಾಗಿ, ಕೋಣ ನಿದ್ದೆಹೋಯಿತು. ಗುಂಯ್ ಎನ್ನುವ ಸಪ್ಪಳ ಒಂಚೂರೂ ಇರಲಿಲ್ಲ.

ವೇಗದ ಪ್ರಶ್ನೆ ಬೇರೆಯೇ ಇದೆ. ಈಗ ಸಿಗುವ ಎಷ್ಟೋ ಪ್ಲೇಯರುಗಳಿಗೆ 33 ಮತ್ತು 45 ಗೊತ್ತು, 78 ಗೊತ್ತಿಲ್ಲ. ಆದರೂ ದಾರಿಯಿದೆ. 78ರ ಪ್ಲೇಟನ್ನು 45ರ ಮೇಲೆ ಹಚ್ಚಿ ಹಾಗೇ ಇಳಿಸಿಕೊಂಡು, ಆಮೇಲೆ ಅಡಾಸಿಟಿಯಂಥ ಪುಕ್ಕಟೆ ತಂತ್ರಾಂಶದಲ್ಲಿ ವೇಗವನ್ನು ಒಂದಕ್ಕೆ 1.733 ಪಟ್ಟು ಏರಿಸಿದರೆ ಹಾಡು ತನ್ನ ಜಾಗಕ್ಕೆ ಬರುತ್ತದೆ. ಮುಳ್ಳು ಮಾತ್ರ 78ರದ್ದೇ ಬೇಕು. ಅದರ ತುದಿ ಇಂಚಿನ ಸಾವಿರದ ಮೂರು ಪಾಲು ದಪ್ಪ, ಎಲ್‌ಪಿಯದು ಒಂದು ಪಾಲಿಗಿಂತ ಸಣ್ಣದು. ಸಣ್ಣ ಮುಳ್ಳು ದೊಡ್ಡ ಗೀರಿನ ತಳಕ್ಕೆ ಬಿದ್ದು ಹಾಡು ಬಿಟ್ಟು ಧೂಳು ಓದುತ್ತದೆ. ಈ 45ರ ಹಂತದಲ್ಲಿ ಕೇಳುವ ಧ್ವನಿಗಳಿಗೆ ಅವುಗಳದ್ದೇ ಚೆಲುವಿದೆ. ಗಂಗೂಬಾಯಿ ಹಾನಗಲ್ಲರು ತರುಣಿಯಾಗಿದ್ದಾಗ ಎಚ್‌ಎಂವಿಗೆ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ್ದರು. ಆಗಿನದು ತೆಳುವಾದ ಎಳೆಯ ಕಂಠ. ಗಂಟಲಿನ ಟಾನ್ಸಿಲ್ ಶಸ್ತ್ರಕ್ರಿಯೆಯ ಮೇಲೆ ಬಂದದ್ದು ನಾವು ನೀವು ಬಲ್ಲ ಗಂಭೀರ ಕಂಠ. ಗಾಂಧಾರಿಯ ಪ್ಲೇಟು 45ರಲ್ಲಿ ತಿರುಗುವಾಗ ಹೊಸ್ತಿಲಲ್ಲಿ ನಿಂತವರೊಬ್ಬರು, “ಗಂಗೂಬಾಯೇರ ದನೀ ಅಲ್ಲೇನ್ರಿ ಇದು? ವಯಸ್ಸಾಗೈತಿ ಅನಸ್ತದ” ಎಂದರು. ಇಪ್ಪತ್ತರ ಹುಡುಗಿಗೆ ನಮ್ಮ ಮೋಟಾರು ನೂರು ವರ್ಷ ತುಂಬಿಸಿತ್ತು.

ರೆಕಾರ್ಡಿಂಗ್ ನಡೆಯುವಾಗ ಮನೆಯೊಳಗಿನ ಶಿಸ್ತು ನೋಡಬೇಕು. ವಾಯರಿನಲ್ಲಿ ಹೋಗುವ ಹಾಡಿಗೆ ಮೈಕು ಇಲ್ಲ, ಯಾರು ಏನು ಮಾತಾಡಿದರೂ ಅದರೊಳಗೆ ಸೇರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಧಾರವಾಡ ಆಕಾಶವಾಣಿಯ ಸ್ಟುಡಿಯೋದಲ್ಲಿ ಕೂತಂತೆ ಕೂಡುತ್ತಾರೆ. ಕುಕ್ಕರು ಆರಿಸುತ್ತಾರೆ, ಕೆಮ್ಮು ಬಂದರೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುತ್ತಾರೆ. ಓಡುವುದೇ ತಪ್ಪು. ಮಾತು ಮುಳ್ಳಿಗೆ ಕೇಳುವುದಿಲ್ಲ, ಹೆಜ್ಜೆ ಕೇಳುತ್ತದೆ. ನೆಲದ ಅದುರು ಮೇಜಿಗೆ, ಮೇಜಿನದು ಮುಳ್ಳಿಗೆ ದಾಟಿ, ಕಂಪ್ಯೂಟರಿನ ಪರದೆಯ ಮೇಲೆ ಗುಡ್ಡದಂತೆ ಏಳುತ್ತದೆ. ಬಾಯಿ ತುಂಬ ಮಾತಾಡಿ, ಕಾಲು ಮಾತ್ರ ಅಲುಗಿಸಬೇಡಿ ಎಂದರೆ, ಬಾಯಿ ಮುಚ್ಚಿ ಕಾಲಾಡಿಸುವ ಪದ್ಧತಿಯೇ ನಮ್ಮಲ್ಲಿ ಗಟ್ಟಿಯಾಯಿತು.

ಕಾಲಿಗಿಂತ ದೊಡ್ಡದು ಪಕ್ಕದ ಓಣಿಯ ಪವರ್‌ಲೂಮ್. ಕೈಮಗ್ಗದ ಸಪ್ಪಳಕ್ಕೆ ಮನುಷ್ಯನ ಉಸಿರಿನ ಲಯ ಇರುತ್ತದೆ, ಚಹಾಕ್ಕೆ ನಿಲ್ಲುತ್ತದೆ. ಪವರ್‌ಲೂಮಿಗೆ ಅಂಥ ಸಂಸ್ಕಾರವಿಲ್ಲ. ಮಲ್ಲಿಕಾರ್ಜುನ ಮನ್ಸೂರರ ವಿಲಂಬಿತಕ್ಕೆ ಅದು ನೆಲದ ಕೆಳಗಿನಿಂದ ಖಟಖಟ ಎಂದು ದ್ರುತ್ ಬಾರಿಸುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದೂ ಊರಲ್ಲೇ. ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಬಿದ್ದಿದ್ದ ಕೆಂಪು ಕಲ್ಲಿನ ತುಂಡೊಂದನ್ನು ಹೊತ್ತು ತಂದು, ಅದರ ಕೆಳಗೆ ಸೈಕಲ್ ಟ್ಯೂಬಿನ ಚೂರು ಮಡಿಚಿ ಇಟ್ಟು, ಕಲ್ಲಿನ ಮೇಲೆ ಪ್ಲೇಯರು ಕೂಡಿಸಿದೆ. ರಬ್ಬರು ಅದುರನ್ನು ನುಂಗುತ್ತದೆ, ಭಾರವಾದ ಕಲ್ಲು ಅಲುಗಲು ಒಪ್ಪುವುದಿಲ್ಲ. ಇಳಕಲ್ಲಿನ ಮಗ್ಗದಿಂದ ಇಳಕಲ್ಲಿನ ಕಲ್ಲೇ ಕಾಪಾಡಿತು. ವಿದೇಶದ ಶ್ರೀಮಂತರು ಇಂಥ ಕಲ್ಲಿನ ಪೀಠಕ್ಕೆ ದುಡ್ಡು ಸುರಿಯುತ್ತಾರಂತೆ ಎಂದು ಹೇಳಿದಾಗಿನಿಂದ ನಮ್ಮ ಮನೆಯಲ್ಲಿ ಅದರ ಮೇಲೆ ಮಸಾಲೆ ಅರೆಯುವ ವಿಚಾರ ಹಿಂದೆ ಬಿತ್ತು.

ಇಷ್ಟು ಸಿದ್ಧತೆ ಆದ ಮೇಲೆ ಐತವಾರಕ್ಕೊಮ್ಮೆ ಕೇಳುವವರು ತಾವಾಗಿಯೇ ಕೂಡತೊಡಗಿದರು. ಮೊದಲು ಬಂದವರು ಎದುರು ಮನೆಯ ದೊಡ್ಡವ್ವ. ತವರು ಬೀಳಗಿ. ಬೀಳಗಿ ಎಂದ ಮೇಲೆ ಅಮೀರ್‌ಬಾಯಿ ಕರ್ನಾಟಕಿ ನಮ್ಮೂರಾಕಿ ಎನ್ನದೆ ಇರುವುದುಂಟೆ? ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹೆಸರಾದವರು. ತಂಗಿ ಅಮೀರ್‌ಬಾಯಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಸಿನಿಮಾದಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ಆ ಸಿನಿಮಾ ಕಲಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷ ಓಡಿತು. ಬಿಜಾಪುರದಲ್ಲಿ ತಮ್ಮ ಹೆಸರಿನ ಟಾಕೀಸನ್ನೇ ಕಟ್ಟಿಸಿದ ಆಕೆ 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದಿದ್ದಾರೆ. ನಮ್ಮ ದೊಡ್ಡವ್ವನಿಗೆ ಪುಸ್ತಕದ ಗೊಡವೆ ಇಲ್ಲ. ಪ್ಲೇಟು ತಿರುಗತೊಡಗಿದೊಡನೆ ತಾನೂ ಸಣ್ಣಗೆ ಗುನುಗತೊಡಗಿದಳು. ಒಂದು ಜಾಗದಲ್ಲಿ ಅಮೀರ್‌ಬಾಯಿ ಮುಂದೆ ಹೋದರು, ದೊಡ್ಡವ್ವ ಅದೇ ಶಬ್ದವನ್ನು ಮೂರು ಸಲ ಹಾಡಿ ಹಿಂದುಳಿದಳು. “ಇದ್ಯಾಕ ಓಡ್ತದ? ನಮ್ಮ ಮನ್ಯಾಗ ಇಲ್ಲಿ ಮೂರ್ ಸಲ ಅಂತಿತ್ತು” ಎಂದು ದೂರು. ಅವಳ ತವರಿನ ಪ್ಲೇಟಿಗೆ ಅಲ್ಲೊಂದು ಗೀರು ಬಿದ್ದು ಮುಳ್ಳು ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ಬೆರಳಿನಿಂದ ದೂಡುವವರೆಗೆ ಮೂರು ಸಲ. ಅವಳಿಗೆ ಹಾಡು ಇರುವುದೇ ಹಾಗೆ.

ಕಂಪ್ಯೂಟರಿನಲ್ಲಿ ಪ್ಲೇಟಿನ ಚಟಪಟ ತೆಗೆಯುವ ಸಾಧನಗಳಿವೆ. ಒಂದೆರಡು ದೊಡ್ಡ ಟಪ್ಪುಗಳನ್ನು ಒಂದೊಂದಾಗಿ ಹುಡುಕಿ ತೆಗೆದರೆ ಒಳ್ಳೆಯದೇ. ಆದರೆ ಸರಸರ ಸಪ್ಪಳವನ್ನೆಲ್ಲ ಗುಡಿಸಲು ಹೊರಟರೆ ಅದರ ಜೊತೆಗೆ ಹಾರ್ಮೋನಿಯಂ ತಿದಿಯ ಉಸಿರು, ಸಾರಂಗಿಯ ಕಮಾನು ತಂತಿಗೆ ತಾಗುವ ಒರಟು ಎಲ್ಲ ಕಸದ ಬುಟ್ಟಿಗೆ ಹೋಗುತ್ತದೆ. ಕಡೆಗೆ ಉಳಿಯುವ ಕಂಠ ನೀರೊಳಗೆ ಕೂತು ಹಾಡಿದಂತಿರುತ್ತದೆ. ಬಲ್ಲವರು ಇದಕ್ಕೇ ಒಂದು ನಿಯಮ ಮಾಡಿಕೊಂಡಿದ್ದಾರೆ. ಪ್ಲೇಟಿನಿಂದ ಬಂದದ್ದನ್ನು ಬಂದ ಹಾಗೇ, ಕೊಳೆ ಸಹಿತ, 24 ಬಿಟ್‌ನ ಕುಗ್ಗಿಸದ ಫೈಲಾಗಿ ಒಂದು ಕಡೆ ಇಡಬೇಕು. ತೊಳೆದು ಬಳಿದದ್ದೆಲ್ಲ ಅದರ ನಕಲಿನ ಮೇಲೆ. ಸಿ.ಡಿ. ಗುಣಮಟ್ಟದಲ್ಲೇ ಸ್ಟೀರಿಯೊ ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ತಿನ್ನುತ್ತದೆ. ತಿನ್ನಲಿ. ದೊಡ್ಡವ್ವನ ಪ್ಲೇಟೇ ಸಿಕ್ಕಿದ್ದರೆ ಆ ಮೂರು ಸಲವನ್ನೂ ನಾನು ಇಟ್ಟುಕೊಳ್ಳುತ್ತಿದ್ದೆ.

ಆಮೇಲೆ ಬಂದವರು ಹುನಗುಂದದ ಕಡೆಯ, ಒಂದು ಕಾಲಕ್ಕೆ ಮೈಕ್‌ಸೆಟ್ ನಡೆಸುತ್ತಿದ್ದ ಹಿರಿಯರು. ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಸುರುವಾದರೆ ನಾಟಕ ಕಂಪನಿಗಳ ತಂಬುಗಳು ವಾರಗಟ್ಟಲೆ ಕೀಳುವುದಿಲ್ಲ. ಒಂದರ ಮಗ್ಗುಲಿಗೆ ಒಂದು ತಂಬು, ಒಂದೊಂದಕ್ಕೂ ಒಂದೊಂದು ಭೋಂಗಾ. ನಾಟಕ ಸುರುವಾಗುವ ಮೊದಲು ಪ್ಲೇಟು ಹಚ್ಚಿ ಜನ ಕರೆಯುವ ಕೆಲಸ ಇವರದು. “ಆ ಕಂಪನಿಯಂವ ಸಿನಿಮಾ ಹಾಡ ಹಚ್ಚಿದ್ರ ನಾ ಇತ್ತಾಗ ವಚನ ಹಚ್ತಿದ್ದೆ. ಮುದುಕ್ರೆಲ್ಲಾ ನಮ್ಮ ಕಡೆ” ಎಂದು ವ್ಯಾಪಾರದ ಗುಟ್ಟು ಬಿಚ್ಚಿದರು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇವರ ವಚನಗಾಯನ ಮಠಗಳನ್ನು ದಾಟಿ ಓಣಿಗಳಿಗೆ ಬಂದದ್ದರಲ್ಲಿ ರೇಡಿಯೋದಷ್ಟೇ ಪಾಲು ಈ ಭೋಂಗಾಗಳದ್ದೂ ಇರಬೇಕು. ಪ್ಲೇಟು ಒಬ್ಬ ಕೊಳ್ಳುತ್ತಿದ್ದ, ಊರು ಕೇಳುತ್ತಿತ್ತು. ಅಷ್ಟೇಕೆ, ಗದಗಿನ ಅಂಗಡಿಯೊಂದರಲ್ಲಿ ಯಾರೋ ಹಚ್ಚಿದ್ದ ಅಬ್ದುಲ್ ಕರೀಂಖಾನರ ಝಿಂಝೋಟಿ ಠುಮರಿಯ ಪ್ಲೇಟು ದಾರಿಯಲ್ಲಿ ನಿಂತ ಹುಡುಗನೊಬ್ಬನ ತಲೆ ಕೆಡಿಸಿತು. ಅವನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಆ ಹುಡುಗ ಭೀಮಸೇನ ಜೋಶಿ. ಅಂಗಡಿಯವ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳಿದ್ದರೆ ನಮ್ಮ ಸಂಗೀತದ ಚರಿತ್ರೆ ಏನಾಗುತ್ತಿತ್ತೋ.

ಇಳಿಸಿದ ಹಾಡಿಗೆ ಹೆಸರಿಡುವುದು ಕೊನೆಯ ಕೆಲಸ, ಎಲ್ಲರೂ ಬಿಡುವ ಕೆಲಸ. ಕಂಪ್ಯೂಟರು ತಾನಾಗಿ ‘ಟ್ರ್ಯಾಕ್ 1, ಟ್ರ್ಯಾಕ್ 2’ ಎಂದು ಬರೆದು ಸುಮ್ಮನಾಗುತ್ತದೆ. ಹಾಗೆ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಅದು ಮತ್ತೆ ನಾಗೊಂದಿಯ ಟ್ರಂಕು. ಹಿಂದಿನವರು ಇದರಲ್ಲಿ ಜಾಣರು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಗೆ ಹಾಡಿದ ಗೋಹರ್ ಜಾನ್ ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು. ಆಗ ಮೇಣದ ಮೂಲಪ್ರತಿ ಒತ್ತಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನವರಿಗೆ ಯಾರ ಹಾಡಿಗೆ ಯಾವ ಲೇಬಲ್ಲು ಎಂದು ತಿಳಿಯಬೇಡವೆ? 1908ರಲ್ಲಿ ಕಲಕತ್ತೆಯಲ್ಲೇ ಕಾರಖಾನೆ ಬಂತು. ಗೋಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ತೀರಿಕೊಂಡದ್ದು 1930ರಲ್ಲಿ. ಕೊನೆಗೆ ಹೆಸರು ಹೇಳುವ ಈ ರೂಢಿ ಹುನಗುಂದ ತಾಲೂಕಿನವರಿಗೆ ಹೊಸದೇನಲ್ಲ. 634ರಲ್ಲಿ ಐಹೊಳೆಯ ಮೇಗುಟಿಯ ಶಾಸನದಲ್ಲಿ ಪುಲಕೇಶಿಯ ಪರಾಕ್ರಮವನ್ನೆಲ್ಲ ಹಾಡಿ ಮುಗಿಸಿದ ರವಿಕೀರ್ತಿ, ಕೊನೆಗೆ ತನ್ನ ಹೆಸರು ಹೇಳಿ, ಕಾಳಿದಾಸ-ಭಾರವಿಯರ ಕೀರ್ತಿಗೆ ತಾನು ಸಮ ಎಂದೂ ಸೇರಿಸಿದ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಹೆಸರು ಇಂದಿಗೂ ಓದಲು ಬರುತ್ತದೆ. ಅದನ್ನು ಬ್ಯಾಕಪ್ ತೆಗೆಯುವ ಪ್ರಸಂಗ ಬಂದಿಲ್ಲ. ನಮ್ಮ ಹಾರ್ಡ್ ಡಿಸ್ಕಿಗೆ ಅಷ್ಟು ಆಯುಷ್ಯವಿಲ್ಲ. ಮೂರು ಕಡೆ ಇಟ್ಟು, ಆಗಾಗ ಹೊಸದಕ್ಕೆ ದಾಟಿಸುತ್ತಿರಬೇಕು.

ಎಲ್ಲರಿಗೂ ಹಂಚಬಹುದೇ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅದನ್ನು ದಾಟಿದವು ಊರಿನ ಆಸ್ತಿ, ದಾಟದವು ಮನೆಯೊಳಗೆ. ಮುದ್ರಿಕೆ ಊರಿನದಾದರೂ ಹಾಡು ಬರೆದ ಕವಿಯದು ಬೇರೆ ಲೆಕ್ಕ. ಹಳೆಯ ಅರಗಿನ ಪ್ಲೇಟುಗಳಲ್ಲಿ ಬಹಳಷ್ಟು 60 ದಾಟಿದವೇ. ಹಾಗೆ ದಾಟಿದವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿ, ಪ್ಲೇಟು ಕೊಟ್ಟ ಮನೆತನಗಳಿಗೆಲ್ಲ ಮುಟ್ಟಿಸಿದೆ. ಬಾಗಲಕೋಟೆಯ ನವನಗರದಲ್ಲಿ ಒಬ್ಬರು ಅದನ್ನು ದೇವರ ಜಗಲಿಯ ಮೇಲೆ ಇಟ್ಟರು. ಇನ್ನೊಬ್ಬರು ಅಷ್ಟು ಜಾಗ ಖಾಲಿ ಇದೆಯಲ್ಲ ಎಂದು ಮಗಳ ಮದುವೆಯ ಫೋಟೊ ಸೇರಿಸಿಕೊಂಡರು. ಕೇಳಿದಿರೇ ಎಂದರೆ, ಯಾವಾಗ ಬೇಕಾದರೂ ಕೇಳಬಹುದಲ್ಲ ಎಂಬ ಉತ್ತರ. ಯಾವಾಗ ಬೇಕಾದರೂ ಕೇಳಬಹುದಾದ್ದನ್ನು ಯಾವಾಗಲೂ ಕೇಳದೆ ಇರಬಹುದು. ನಾನು ತಿಂಗಳುಗಟ್ಟಲೆ ಡಬ್ಬಿ, ವಾಯರು, ಕಲ್ಲು ಹೊತ್ತದ್ದರಿಂದ ಆದ ನಿಜವಾದ ಲಾಭ, ಇಳಿಸಿಕೊಳ್ಳುವ ನೆಪದಲ್ಲಿ ನಾಲ್ಕು ಮಂದಿ ಪ್ರತಿ ಪ್ಲೇಟನ್ನೂ ತುದಿಯಿಂದ ತುದಿಯವರೆಗೆ ಒಂದು ಸಲ ಕೇಳಿದ್ದು. ಫೈಲು ಅದರ ರಸೀದಿ.

ತಂಗಿಯ ಮಗ ಈಗ ಹೊಸ ಸುದ್ದಿ ತಂದಿದ್ದಾನೆ. ಹಾಡು ಮುಗಿದೊಡನೆ ತಾನೇ ನಿಲ್ಲಿಸಿ, ತಾನೇ ಕತ್ತರಿಸಿ, ತಾನೇ ಹೆಸರಿಡುವ ವ್ಯವಸ್ಥೆ ಮಾಡಿಕೊಡುತ್ತಾನಂತೆ. ನಾನು ಎದುರಿಗೆ ಕೂಡುವ ಅಗತ್ಯವೇ ಇಲ್ಲವಂತೆ. ಈ ಮಾತನ್ನು ಐತವಾರದ ಸಭೆಯ ಮುಂದೆ ಇಟ್ಟೆ. “ಹಂಗಾದ್ರ ನಾವೂ ಬರೂದು ಬ್ಯಾಡೇನು?” ಎಂದು ದೊಡ್ಡವ್ವ ಮುಖ ಮಾಡಿದಳು. ಮೈಕ್‌ಸೆಟ್ಟಿನ ಹಿರಿಯರು ಚೀಲದಿಂದ ಇನ್ನೊಂದು ಪ್ಲೇಟು ತೆಗೆದು ಕಲ್ಲಿನ ಮೇಲೆ ಇಟ್ಟರು. ಲೇಬಲ್ಲನ್ನು ಇಲಿ ತಿಂದಿದೆ, ಹೆಸರಿಲ್ಲ. ಹೆಣ್ಣುಧ್ವನಿ, ಕನ್ನಡವೋ ಮರಾಠಿಯೋ ಎಂಬಷ್ಟು ಸವೆದ ಮಾತು. ಅಮೀರ್‌ಬಾಯಿಯೇ ಎಂದು ದೊಡ್ಡವ್ವ, ಅಕ್ಕ ಗೋಹರಬಾಯಿ ಎಂದು ಹಿರಿಯರು, ನಾಟಕ ಕಂಪನಿಯ ಯಾವನೋ ಸ್ತ್ರೀಪಾತ್ರಧಾರಿ ಎಂದು ನೇಕಾರಣ್ಣ. ಫೈಲಿಗೆ ನಾನು ‘ತಗಾದೆ-1’ ಎಂದು ಹೆಸರಿಟ್ಟಿದ್ದೇನೆ. ಮುಂದಿನ ಐತವಾರ ಮತ್ತೆ ಹಚ್ಚಬೇಕೆಂದು ಮೂವರೂ ಒಮ್ಮತದಿಂದ ಠರಾವು ಮಾಡಿದ್ದಾರೆ. ಅವರು ಒಮ್ಮತಕ್ಕೆ ಬಂದದ್ದು ಆ ಒಂದು ವಿಷಯಕ್ಕೆ ಮಾತ್ರ.